ದಾಟುವ ಹಕ್ಕು

ಕಪ್ಪತಗುಡ್ಡದ ಮಗ್ಗುಲಲ್ಲಿರುವ ಡೋಣಿಯವರಿಗೆ ನಡುಗಡ್ಡೆಯ ಬದುಕು ದೂರದ ಸುದ್ದಿ. ಇಲ್ಲಿಯ ಚಿಂತೆ ನೀರು ಹೆಚ್ಚಾದದ್ದಲ್ಲ, ಸಾಲದೆ ಹೋದದ್ದು. ಆದರೆ ಗದಗ ಜಿಲ್ಲೆಯ ಎರಡು ಅಂಚಿಗೂ ಹೊಳೆಗಳಿವೆ. ಮುಂಡರಗಿ, ಶಿರಹಟ್ಟಿ ಕಡೆ ತುಂಗಭದ್ರೆ. ನರಗುಂದ, ರೋಣದ ಕಡೆ ಮಲಪ್ರಭೆ, ಅದಕ್ಕೆ ಸೇರುವ ಬೆಣ್ಣಿಹಳ್ಳ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ನರಗುಂದ ತಾಲ್ಲೂಕಿನ ಲಖಮಾಪುರದ ಸುತ್ತ ಹೊಳೆ ತುಂಬಿಕೊಂಡು ಊರಿಗೆ ಊರೇ ನಡುಗಡ್ಡೆಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆಆಲೂರು, ಮೆಣಸಗಿ, ಕೊಣ್ಣೂರಿನವರೂ ಆ ಸಂಕಟ ಉಂಡರು. ಬಾಣಂತಿಯರನ್ನು, ಮುದುಕರನ್ನು ದೋಣಿಗೆ ಹತ್ತಿಸಬೇಕಾದಾಗ, ದನ ಬಿಟ್ಟು ಬರಲಾರೆ ಎಂದು ಮನೆಯ ಯಜಮಾನ ಹಟ ಹಿಡಿದಾಗ ಹೇಗಿರುತ್ತದೆ ಎಂಬುದು ನಮ್ಮ ಜಿಲ್ಲೆಗೂ ಗೊತ್ತು. ನೀರು ಇಳಿದ ಮೇಲೆ ನಮ್ಮ ಊರುಗಳಿಗೆ ಬಸ್ಸು ಮತ್ತೆ ಬರುತ್ತದೆ. ಬಸ್ಸು ಎಂದೂ ಬಾರದ ಊರುಗಳ ಮಾತು ಬೇರೆ.

ಕೃಷ್ಣಾ ನದಿಯಲ್ಲಿ ಅಂಥ ಊರುಗಳಿವೆ. ಆ ಸೀಮೆಯವರು ಅವನ್ನು ಗಡ್ಡಿ ಎನ್ನುತ್ತಾರೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ನೀಲಕಂಠರಾಯನಗಡ್ಡಿ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಕರಕಲಗಡ್ಡಿ, ಮ್ಯಾದರಗಡ್ಡಿ. ಇನ್ನೂ ಕೆಳಗೆ, ತೆಲಂಗಾಣದ ಗಡಿಗೆ ಹತ್ತಿ, ಕುರ್ವಕುಲ, ಕುರ್ವಕುರ್ದಾ. ಕೆಲವು ಗಡ್ಡಿಗಳಲ್ಲಿ ನೂರಾರು ಜನ, ಕೆಲವುಗಳಲ್ಲಿ ನಾಲ್ಕಾರು ಮನೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಬಂಡೆಗಳ ನಡುವೆ ಕಾಲುದಾರಿ ತೆರೆದುಕೊಳ್ಳುತ್ತದೆ. ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಆ ದಾರಿ ಮುಚ್ಚಿ, ಜೋಳ, ಔಷಧಿ, ಶಾಲೆ, ನ್ಯಾಯ ಎಲ್ಲವೂ ಹೊಳೆಯ ಆಚೆಗೆ ಉಳಿಯುತ್ತವೆ.

2014ರ ಜುಲೈ ಕೊನೆಯಲ್ಲಿ ನೀಲಕಂಠರಾಯನಗಡ್ಡಿಯ ಒಬ್ಬ ತುಂಬುಬಸುರಿ ಹೆಣ್ಣುಮಗಳು ತುಂಬಿ ಹರಿಯುವ ಕೃಷ್ಣೆಗೆ ಇಳಿದಳು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂಬುದು ಅವಳ ಆಸೆ. ಆಸ್ಪತ್ರೆ ಇದ್ದದ್ದು ಆಚೆ ದಡದ ಕಕ್ಕೇರಾದಲ್ಲಿ. ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರನ್ನು ಅಕ್ಕಪಕ್ಕ ಇಟ್ಟುಕೊಂಡು ಅವಳು ಈಜಿ ದಡ ಸೇರಿದಳು. ಸುದ್ದಿ ದೇಶದಾಚೆಗೂ ಹೋಯಿತು. ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ಧೈರ್ಯ ಇದ್ದದ್ದು ನಿಜ. ಆದರೆ ಬಸುರಿಯೊಬ್ಬಳು ದವಾಖಾನೆಗೆ ಹೋಗಲು ಧೈರ್ಯವನ್ನು ಒತ್ತೆ ಇಡಬೇಕಾಯಿತು ಎಂದರೆ ಆ ದಿನ ಅಲ್ಲಿ ನಡೆದದ್ದು ಒಂದು ಹಕ್ಕಿನ ಉಲ್ಲಂಘನೆ. ಸರಕಾರ, ಪತ್ರಿಕೆ, ಓದುಗ ಯಾರೂ ಅದನ್ನು ಆ ಹೆಸರಿನಿಂದ ಕರೆಯಲಿಲ್ಲ. ಸಾಹಸ ಎಂದು ಕರೆದಾಗ ನಾವು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತೇವೆ. ಹಕ್ಕು ತಪ್ಪಿತು ಎಂದಿದ್ದರೆ ಯಾರಿಂದ ತಪ್ಪಿತು ಎಂದು ಕೇಳಬೇಕಾಗುತ್ತಿತ್ತು.

ಕುರ್ವಕುಲದವರಿಗೆ ಕಿರಾಣಿ ಸಾಮಾನಿನ ಪೇಟೆ ಹತ್ತಿರವಾಗುವುದು ತೆಲಂಗಾಣದ ಮಕ್ತಲ್ ಕಡೆ. 2020ರ ಆಗಸ್ಟ್‌ನಲ್ಲಿ ಆ ದಡದಲ್ಲಿ ಸಾಮಾನು ಕೊಂಡು ಹರಿಗೋಲಿನಲ್ಲಿ ಮರಳುತ್ತಿದ್ದ 13 ಜನ ಪ್ರವಾಹಕ್ಕೆ ಸಿಕ್ಕರು. ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಉಪ್ಪು, ಎಣ್ಣೆ ತರಲು ಹೋದವರು. ಆ ಗಡ್ಡಿಗಳಿಗೆ ಸೇತುವೆ ಕಟ್ಟುವ ಕೆಲಸ ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾಗಿ, ಕುಂಟುತ್ತಾ ಬಂದಿತ್ತು. ಈ ಗಡ್ಡಿಗಳ ಸೀಮೆಯಲ್ಲೇ ಇರುವ ಕುರುವಪುರ ದತ್ತಭಕ್ತರ ಯಾತ್ರಾಸ್ಥಳ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ ಎಂದು ದೂರದೂರದಿಂದ ಜನ ಬರುತ್ತಾರೆ. ಯಾತ್ರಿಕ ಒಮ್ಮೆ ಹೊಳೆ ದಾಟಿ ಪುಣ್ಯ ಎಂದುಕೊಂಡು ಹೋಗುತ್ತಾನೆ. ಅಲ್ಲೇ ಹುಟ್ಟಿದ ಹುಡುಗಿ ದಿನಾ ದಾಟಬೇಕು.

ಈ ಹುಡುಗಿಯ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಗಡ್ಡಿಯಲ್ಲಿ ಇದ್ದರೆ ಕಿರಿಯ ಪ್ರಾಥಮಿಕ ಶಾಲೆ. ಮುಂದಿನ ತರಗತಿಗಳು ಆಚೆ ದಡದಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಐದನೆಯ ತರಗತಿವರೆಗಿನ ಶಾಲೆ ಮನೆಯಿಂದ 1 ಕಿಲೋಮೀಟರ್ ಒಳಗೆ, ಎಂಟರವರೆಗಿನದು 3 ಕಿಲೋಮೀಟರ್ ಒಳಗೆ ಇರಬೇಕು. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ಆಚೆ ದಡದ ಶಾಲೆ ಈ ಅಳತೆಯೊಳಗೇ ಬಂದುಬಿಡಬಹುದು. ನಡುವೆ ಕೃಷ್ಣೆ ಹರಿಯುವುದು ಅಳತೆಪಟ್ಟಿಗೆ ಕಾಣುವುದಿಲ್ಲ. ಚಿಕ್ಕ ವಸತಿಗಳ ಮಕ್ಕಳಿಗೆ ಉಚಿತ ಸಾರಿಗೆಯನ್ನೋ ವಸತಿಯನ್ನೋ ಒದಗಿಸಬೇಕು ಎಂದು ಅದೇ ನಿಯಮಗಳು ಹೇಳುತ್ತವೆ. ಆದರೆ ಅದನ್ನು ಕೇಳಿ ಪಡೆಯಲು ತಾಯಿತಂದೆ ಕಚೇರಿಗೆ ಅಲೆಯಬೇಕು, ಅಲೆಯಲು ಹೊಳೆ ದಾಟಬೇಕು. ಗಂಡುಹುಡುಗನನ್ನಾದರೆ ನೆಂಟರ ಮನೆಯಲ್ಲಿ ಬಿಟ್ಟು ಓದಿಸುವವರಿದ್ದಾರೆ. ಹುಡುಗಿಯ ಓದು ಅಲ್ಲಿಗೇ ಮುಗಿದು, ಬೇಗ ಮದುವೆಯ ಮಾತು ಎದ್ದುಬಿಡುತ್ತದೆ. ಇತ್ತ ಗಡ್ಡಿಯ ಗಂಡಿಗೆ ಹೆಣ್ಣು ಕೊಡಲು ಹೊರಗಿನವರು ಹಿಂದೆಮುಂದೆ ನೋಡುತ್ತಾರೆ. ನಡೆಯಲಾಗದವರ ಪಾಡು ಇನ್ನೂ ಕಠಿಣ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ, ಸಾರಿಗೆ ಎಲ್ಲರಿಗೂ ಏರಲು ಬರುವಂತಿರಬೇಕು ಎನ್ನುತ್ತದೆ. ಗಾಲಿಕುರ್ಚಿಯನ್ನು ಹರಿಗೋಲಿಗೆ ಏರಿಸುವುದು ಹೇಗೆ ಎಂದು ಯಾವ ಇಲಾಖೆಯೂ ಕೂತು ಯೋಚಿಸಿದಂತಿಲ್ಲ.

ಹೀಗೆ ನಡುಗಡ್ಡೆಯಲ್ಲಿ ಪ್ರತಿ ಹಕ್ಕೂ ಒಂದೇ ಜಾಗದ ಮೂಲಕ ಹಾದುಬರಬೇಕು: ದಾಟುವ ಜಾಗ. ರೇಷನ್, ಪಿಂಚಣಿ, ಹೆರಿಗೆ, ಪರೀಕ್ಷೆ, ಪೊಲೀಸ್ ಠಾಣೆ, ನ್ಯಾಯಾಲಯ ಎಲ್ಲದರ ಬಾಗಿಲು ಅದೊಂದೇ. ಗಂಡನ ಹೊಡೆತ ತಾಳದ ಹೆಂಡತಿ ರಾತ್ರಿ ಓಡಿಹೋಗಬೇಕೆಂದರೆ ಅಂಬಿಗನನ್ನು ಎಬ್ಬಿಸಬೇಕು, ಆ ಅಂಬಿಗ ಗಂಡನ ಕಡೆಯವನೇ ಆಗಿರಬಹುದು. ಚಿಕ್ಕ ಊರಿನ ಆಪ್ತತೆಯನ್ನು ಹೊಗಳುವವರು ಅದರ ಈ ಮುಖವನ್ನು ಮರೆಯುತ್ತಾರೆ. ಎಲ್ಲರೂ ಎಲ್ಲರಿಗೂ ಗೊತ್ತಿರುವಲ್ಲಿ, ಹೊರಗೆ ಹೋಗುವ ದಾರಿ ಒಂದೇ ಇರುವಲ್ಲಿ, ದುರ್ಬಲರು ಬಾಯಿ ಬಿಡುವುದು ಕಷ್ಟ. ಹಾಗಾಗಿ ಗಡ್ಡಿಯ ಜನಕ್ಕೆ ಸಮಾನತೆ ಎಂದರೆ ಹೊರಗಿನವರೊಂದಿಗಿನ ಸಮಾನತೆ ಮಾತ್ರವಲ್ಲ, ಗಡ್ಡಿಯೊಳಗಿನ ಸಮಾನತೆಯೂ ಹೌದು.

ಸರಕಾರದ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಇಷ್ಟು ಕಡಿಮೆ ಜನಕ್ಕೆ ಇಷ್ಟು ದೊಡ್ಡ ಖರ್ಚೇ? ತಲೆ ಎಣಿಸಿ ಹಣ ಹಂಚುವ ಈ ಲೆಕ್ಕ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ, ಎಲ್ಲರಿಗೂ ಒಂದೇ ಅಳತೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಸೀಮೆಯ ವಸತಿಗೆ ಸರ್ವಋತು ರಸ್ತೆ ಸಿಗಬೇಕಾದರೆ 500 ಜನಸಂಖ್ಯೆ ಬೇಕಿತ್ತು. ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಿಗೆ ಅದನ್ನು 250ಕ್ಕೆ ಇಳಿಸಿದರು. ಬಹಳ ಒಳ್ಳೆಯ ಕೆಲಸ. ಗುಡ್ಡ ಹತ್ತುವುದು ಕಷ್ಟ, ಮರಳು ದಾಟುವುದು ಕಷ್ಟ ಎಂದು ಯೋಜನೆ ಬರೆದವರಿಗೆ ಹೊಳೆದಿತ್ತು. ಹೊಳೆಯ ನಡುವಿನ ಊರು ಎಂಬ ವರ್ಗವೊಂದು ಅವರಿಗೆ ಹೊಳೆಯಲಿಲ್ಲ.

ಈ ಲೆಕ್ಕವನ್ನು ತಿದ್ದುವ ತೀರ್ಪು ನಮ್ಮ ದೇಶದಲ್ಲೇ ಇದೆ, ನಲವತ್ತು ವರ್ಷದಿಂದ ಇದೆ. ಹಿಮಾಚಲದ ಶಿಮ್ಲಾ ಜಿಲ್ಲೆಯ ಗುಡ್ಡದ ಹಳ್ಳಿಗಳ ಬಡವರು, ಹೆಚ್ಚಿನವರು ದಲಿತರು, ತಮ್ಮ ಊರಿಗೆ ಬರಬೇಕಾದ ರಸ್ತೆ ಅರ್ಧಕ್ಕೆ ನಿಂತಿದೆ ಎಂದು ಹೈಕೋರ್ಟಿಗೆ ಒಂದು ಕಾಗದ ಬರೆದರು. ಬರೀ ಕಾಗದ. ನ್ಯಾಯಾಲಯ ಅದನ್ನೇ ಅರ್ಜಿ ಎಂದು ಎತ್ತಿಕೊಂಡಿತು. ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1986ರಲ್ಲಿ ಉಮೇದ್ ರಾಮ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ತಿರುಳು ಇಷ್ಟು: ಗುಡ್ಡದ ಜನಕ್ಕೆ ರಸ್ತೆ ಸಿಗುವುದೆಂದರೆ ಬದುಕೇ ಸಿಕ್ಕಂತೆ, ಸಂವಿಧಾನದ 21ನೆಯ ವಿಧಿ ಕಾಯುವ ಜೀವಿಸುವ ಹಕ್ಕು ಉಸಿರಾಟಕ್ಕೆ ಮುಗಿಯುವುದಿಲ್ಲ, ಬದುಕಿನ ಗುಣಮಟ್ಟವನ್ನೂ ಒಳಗೊಳ್ಳುತ್ತದೆ. ಗುಡ್ಡಕ್ಕೆ ರಸ್ತೆ ಹೇಗೋ ಗಡ್ಡಿಗೆ ದಾಟುವ ದಾರಿ ಹಾಗೆ. ನೀಲಕಂಠರಾಯನಗಡ್ಡಿಗೂ ಕುರ್ವಕುಲಕ್ಕೂ ಈ ಮಾತು ಒಂದಕ್ಷರ ಬದಲಾಗದೆ ಒಪ್ಪುತ್ತದೆ ಎಂದು ನಾನು ನಂಬುತ್ತೇನೆ.

ಇನ್ನೊಂದು ಮಾತಿದೆ, ಅದನ್ನು ಹೇಳದಿದ್ದರೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಗಡ್ಡಿಯ ಜನರ ಕಷ್ಟಕ್ಕೆ ನದಿ ಮಾತ್ರ ಕಾರಣವಲ್ಲ. ಕೃಷ್ಣೆಯ ಗಡ್ಡಿಗಳು ಹಳೆಯವು. ಆದರೆ ಯಾವ ದಿನ ಎಷ್ಟು ನೀರು ಬರುತ್ತದೆ ಎಂಬುದನ್ನು ಈಗ ಮಳೆಗಿಂತ ಹೆಚ್ಚಾಗಿ ಅಣೆಕಟ್ಟಿನ ಗೇಟು ನಿರ್ಧರಿಸುತ್ತದೆ. ಆಲಮಟ್ಟಿಯಲ್ಲಿ, ನಾರಾಯಣಪುರದಲ್ಲಿ ಗೇಟು ಎತ್ತಿದರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ಜಲದುರ್ಗದ ಕಡೆಯ ಹಳ್ಳಿಗಳ ದಾರಿ ಕಡಿಯುತ್ತದೆ. 2019ರಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್‌ಗೂ ಮೇಲೆ ನೀರು ಹರಿದಾಗ ಗಡ್ಡಿಗಳ ಹೊಲ, ಪಂಪ್‌ಸೆಟ್ಟು ಎಲ್ಲ ಹೋದವು. ಆ ಅಣೆಕಟ್ಟುಗಳು ಲಕ್ಷಾಂತರ ಎಕರೆಗೆ ನೀರು ಕೊಟ್ಟಿವೆ, ಅವು ಬೇಕು. ಅವುಗಳಿಂದ ಉಂಡವರು ಅವುಗಳಿಂದ ನೊಂದವರ ದಾರಿಯ ಖರ್ಚನ್ನು ದಾನ ಎಂದು ಕರೆಯಬಾರದು.

ಶರಾವತಿಯಲ್ಲಂತೂ ನಡುಗಡ್ಡೆಯನ್ನು ಮಾಡಿದ್ದೇ ನಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಹರಡಿದಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಕಡೆಯ ಊರುಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ತಂತಿಗೆ ಸೇರಿದ ಆ ಬೆಳಕಿನಲ್ಲಿ ಡೋಣಿಯ ಮನೆಗಳ ಪಾಲೂ ಇದೆ. ಬೆಳಕು ನಮಗೆ ಬಂತು, ಹಿನ್ನೀರಿನಾಚೆಯ ತುಮರಿಯವರಿಗೆ ಲಾಂಚು ಉಳಿಯಿತು. ಆರು ದಶಕದ ಹತ್ತಿರ ಅವರು ಲಾಂಚಿನ ಸಮಯಕ್ಕೆ ಕಾಯಿಲೆ ಬೀಳಬೇಕಿತ್ತು, ಲಾಂಚಿನ ಸಮಯಕ್ಕೆ ಹೆರಬೇಕಿತ್ತು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಬೆಳಗಿನವರೆಗೆ ಆ ಊರುಗಳಿಗೆ ಸಾಗರದ ಆಸ್ಪತ್ರೆ ಇಲ್ಲದಂತೆಯೇ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಹೋರಾಟ ಮಾಡಿದವರಲ್ಲಿ ಎಷ್ಟೋ ಹಿರಿಯರು ಅದನ್ನು ನೋಡಲು ಉಳಿದಿರಲಿಲ್ಲ. ಸಿಗಂದೂರಿನ ಚೌಡೇಶ್ವರಿಗೆ ಬರುವ ಯಾತ್ರಿಕರ ದಟ್ಟಣೆ ಇಲ್ಲದೆ ಹೋಗಿದ್ದರೆ ಆ ಸೇತುವೆ ಇಷ್ಟರಲ್ಲಿ ಆಗುತ್ತಿತ್ತೇ ಎಂದು ಕೇಳಿದರೆ, ನನಗೆ ಅನುಮಾನ. ದೇವಸ್ಥಾನವಿಲ್ಲದ ನಡುಗಡ್ಡೆಯ ಬಾಣಂತಿಗೂ ಅದೇ ಹಕ್ಕು ಇರಬೇಕು.

ಮುಂಡರಗಿ ತಾಲ್ಲೂಕಿನವರಾದ ನಾವು ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕು. ಹಮ್ಮಿಗಿ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಕಟ್ಟಿದಾಗ ಗುಮ್ಮಗೋಳ, ಬಿದರಳ್ಳಿ, ವಿಠಲಾಪುರದ ಜನ ಹೊಳೆದಂಡೆಯ ಊರು ಬಿಟ್ಟುಕೊಡಬೇಕಾಯಿತು. ನೀರು ಕೆಲವರ ಹೊಲಕ್ಕೆ ಬರುವುದಕ್ಕೆ ಇನ್ನು ಕೆಲವರು ಊರನ್ನೇ ಕೊಟ್ಟರು. 2009ರ ನೆರೆಯ ಮೇಲೆ ಬಂದ ಆಸರೆ ಯೋಜನೆಯ ಮನೆಗಳ ಕತೆಯೂ ನಮ್ಮ ಜಿಲ್ಲೆಗೆ ಗೊತ್ತು. ಮನೆ ಕಟ್ಟಿದರು, ಹೊಲ ಮಾತ್ರ ದೂರವಾಯಿತು. ದನ ಕಟ್ಟಲು ಜಾಗವಿಲ್ಲ ಎಂದು ಹಳೆಯ ಊರಿಗೇ ಮರಳಿದವರು ಎಷ್ಟೋ ಜನ. ಗಡ್ಡಿಯವರಿಗೆ ಸ್ಥಳಾಂತರವೇ ಮದ್ದು ಎನ್ನುವವರು ಇದನ್ನು ಒಮ್ಮೆ ನೋಡಬೇಕು. ಹೋಗಬೇಕೋ ಇರಬೇಕೋ ಎಂದು ತೀರ್ಮಾನಿಸುವವರು ಅಲ್ಲಿಯ ಜನವೇ. ಹೋಗುತ್ತೇವೆ ಎಂದರೆ ಹೊಲದ ಬದಲಿಗೆ ಹೊಲ ಕೊಡಿ. ಇರುತ್ತೇವೆ ಎಂದರೆ ದಾರಿ ಕೊಡಿ. ನೆರೆ ಬಂದಾಗ ಬರುವುದಿಲ್ಲ ಎಂದು ಕೂತವರನ್ನು ಹಟಮಾರಿಗಳು ಎಂದು ಬರೆಯುವುದು ಸುಲಭ. ಎರಡು ಎಮ್ಮೆ, ಹತ್ತು ಕುರಿಯೇ ಬದುಕಾಗಿರುವವನನ್ನು ಕಾಳಜಿ ಕೇಂದ್ರಕ್ಕೆ ಕರೆದು, ಅವುಗಳನ್ನು ಹೊಳೆಗೆ ಬಿಟ್ಟು ಬಾ ಎಂದರೆ ಬರುವನೇ? ದನಕ್ಕೂ ದೋಣಿ, ದನಕ್ಕೂ ಮೇವು ಎಂದು ಮೊದಲೇ ಹೇಳಿ ನೋಡಬೇಕು.

ಕಪ್ಪತಗುಡ್ಡದ ಕೆಳಗಿನ ಲಂಬಾಣಿ ತಾಂಡಾಗಳ ನೆನಪು ಇಲ್ಲಿ ತಾನಾಗಿ ಬರುತ್ತದೆ. ಸುತ್ತ ನೀರಿಲ್ಲ, ಆದರೂ ನಾಡಿನ ಎಷ್ಟೋ ತಾಂಡಾಗಳು ದಶಕಗಟ್ಟಲೆ ಒಣನೆಲದ ನಡುಗಡ್ಡೆಗಳಾಗಿಯೇ ಉಳಿದವು. ಕಂದಾಯ ದಾಖಲೆಯಲ್ಲಿ ಊರು ಎಂಬ ಹೆಸರಿಲ್ಲ, ಮನೆಗೆ ಹಕ್ಕುಪತ್ರವಿಲ್ಲ, ಆದ್ದರಿಂದ ಸಾಲವಿಲ್ಲ, ರಸ್ತೆಯಿಲ್ಲ. ದುಡಿಯಲು ಗೋವೆಗೆ, ಮಂಗಳೂರಿಗೆ ಗುಳೆ. ಇಂಥ ದಾಖಲೆರಹಿತ ವಸತಿಗಳನ್ನು ಕಂದಾಯ ಗ್ರಾಮ ಎಂದು ಘೋಷಿಸುವ ಕೆಲಸ ಕೊನೆಗೂ ನಡೆದು, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ತಾಂಡಾದವರು ಇದನ್ನು ಕೇಳಿ ಕೇಳಿ ಪಡೆದರು. ಅವರ ಸಂಖ್ಯೆ ದೊಡ್ಡದು, ದನಿ ಕೇಳಿಸಿತು. ಎಷ್ಟೋ ಗಡ್ಡಿಗಳಲ್ಲಿ ನೂರು ಮತ ಇದ್ದರೆ ಹೆಚ್ಚು. ಮತದ ತೂಕ ಕಡಿಮೆಯಿರುವವರ ಹಕ್ಕನ್ನು ಕಾಯುವುದಕ್ಕೇ ಸಂವಿಧಾನ ಬೇಕಾಗಿರುವುದು.

ಕರಾವಳಿಯಲ್ಲಿ ಇದೇ ಕಷ್ಟಕ್ಕೆ ಇನ್ನೊಂದು ರೂಪ. ಮಂಗಳೂರಿನ ಹತ್ತಿರ ನೇತ್ರಾವತಿಯಲ್ಲಿರುವ ಪಾವೂರು ಉಳಿಯದ ಜನ ಮಳೆಗಾಲದಲ್ಲಿ ದೋಣಿ, ಮಳೆ ನಿಂತ ಮೇಲೆ ತಾವೇ ಸೇರಿ ಕಟ್ಟಿಕೊಂಡ ತಾತ್ಕಾಲಿಕ ಕಾಲುಸೇತುವೆ ಎಂದು ದಿನ ದೂಡಿದವರು. ಅತ್ತ ಸುತ್ತಲಿನ ಮರಳು ತೆಗೆದು ತೆಗೆದು ನಡುಗಡ್ಡೆಯ ದಂಡೆಯೇ ಕುಸಿಯತೊಡಗಿತು. ದಾಟುವ ಹಕ್ಕಿಗಾಗಿ ಕೇಳುತ್ತಿದ್ದವರು ನಿಲ್ಲುವ ನೆಲಕ್ಕಾಗಿಯೂ ಕೇಳಬೇಕಾಯಿತು.

ಸೇತುವೆಯೊಂದೇ ಉತ್ತರವಲ್ಲ. ಪ್ರತಿ ಗಡ್ಡಿಗೂ ಸೇತುವೆ ಕಟ್ಟಲು ಬಾರದಿರಬಹುದು, ಕಟ್ಟಿದರೂ ವರ್ಷಗಳು ಬೇಕು. ಅಸ್ಸಾಮಿನ ಬ್ರಹ್ಮಪುತ್ರದ ನಡುಗಡ್ಡೆಗಳಿಗೆ 2005ರಿಂದ ದೋಣಿ ಆಸ್ಪತ್ರೆಗಳು ಹೋಗುತ್ತಿವೆ. ಮೊದಲ ದೋಣಿಯ ಹೆಸರು ಆಖಾ. ಈಶಾನ್ಯ ಭಾರತದ ಅಧ್ಯಯನಕ್ಕೆಂದು ಹುಟ್ಟಿದ ಸಂಸ್ಥೆಯೊಂದು ಆರಂಭಿಸಿದ್ದಕ್ಕೆ ಮುಂದೆ ಸರಕಾರದ ಆರೋಗ್ಯ ಯೋಜನೆ ಕೈಜೋಡಿಸಿತು. ವೈದ್ಯರು, ದಾದಿಯರು, ಔಷಧಿ ಎಲ್ಲ ದೋಣಿಯಲ್ಲೇ. ಒಡಿಶಾದಲ್ಲಿ ಮಾ ಗೃಹ ಎಂಬ ಮನೆಗಳಿವೆ, ದಾರಿಯಿಲ್ಲದ ಊರುಗಳ ಬಸುರಿಯರು ಹೆರಿಗೆಗೆ ಕೆಲವು ದಿನ ಮುಂಚೆಯೇ ಆಸ್ಪತ್ರೆಯ ಹತ್ತಿರ ಬಂದು ಉಳಿಯುತ್ತಾರೆ. ಕಕ್ಕೇರಾದಲ್ಲಿ ಅಂಥ ಒಂದು ಮನೆಗೆ ಎಷ್ಟು ಖರ್ಚಾದೀತು? ನಾಲ್ಕು ಮಂಚ, ಒಂದು ಅಡುಗೆಮನೆ, ಒಬ್ಬ ದಾದಿ.

ಸ್ಕಾಟ್ಲೆಂಡಿನವರು ಇದನ್ನು ಕಾನೂನಿಗೇ ತಂದಿದ್ದಾರೆ. 2018ರಲ್ಲಿ ಅಲ್ಲಿ ದ್ವೀಪಗಳ ಕಾಯ್ದೆ ಬಂತು. ಸರಕಾರ ಹೊಸ ನೀತಿ ತರುವಾಗ ಅದು ದ್ವೀಪದ ಜನಕ್ಕೆ ಬೇರೆಯವರಿಗಿಂತ ಬೇರೆ ರೀತಿ ತಟ್ಟುತ್ತದೆಯೇ ಎಂದು ಮೊದಲೇ ತೂಗಿ ನೋಡಬೇಕು ಎಂಬುದು ಅದರ ಮುಖ್ಯ ಮಾತು. ಅದಕ್ಕೂ ಮುಂಚೆ, 2008ರಿಂದ, ಕೆಲವು ದ್ವೀಪಗಳ ಹಡಗಿನ ದರವನ್ನು ಅಷ್ಟೇ ದೂರ ರಸ್ತೆಯಲ್ಲಿ ಹೋದರೆ ಆಗುವ ಖರ್ಚಿಗೆ ಸಮನಾಗಿ ಇಡುವ ಪದ್ಧತಿ ತಂದು, ಮುಂದೆ ಅದನ್ನು ವಿಸ್ತರಿಸಿದರು. ಅದರ ಹಿಂದಿನ ತತ್ವ ನನಗೆ ಬಹಳ ಇಷ್ಟ: ನೀರು ದಾಟುವವನೂ ರಸ್ತೆಯವನಷ್ಟೇ ಕೊಡಲಿ. ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲದೆ ಓಡಾಡುತ್ತಾರೆ, ಅದು 2023ರ ಜೂನ್‌ನಿಂದ ನಡೆದಿದೆ. ಹರಿಗೋಲಿನಲ್ಲಿ ಹೋಗುವ ಹೆಣ್ಣುಮಗಳು ಅಂಬಿಗನಿಗೆ ಕೈಯಿಂದ ಕೊಡಬೇಕು. ಆ ಅಂಬಿಗನನ್ನು ಪಂಚಾಯಿತಿಯೇ ಸಂಬಳಕ್ಕಿಟ್ಟು, ಒಳ್ಳೆಯ ದೋಣಿ, ತೇಲುವ ಜಾಕೀಟು ಕೊಟ್ಟರೆ ಅವನ ಬದುಕೂ ನೇರವಾಗುತ್ತದೆ, ಇವಳ ದಾರಿಯೂ ಸಲೀಸಾಗುತ್ತದೆ.

ಕಾನೂನಿನ ಬಾಗಿಲುಗಳೂ ತೆರೆದಿವೆ, ಅವು ಗಡ್ಡಿಯವರಿಗೆ ತಿಳಿದಿಲ್ಲ ಅಷ್ಟೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ರಾಜ್ಯ ಆಯೋಗಕ್ಕೆ ಯಾರು ಬೇಕಾದರೂ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಘಟನೆ ನಡೆದು ಒಂದು ವರ್ಷದೊಳಗೆ ದೂರು ಹೋಗಬೇಕು, ಅದನ್ನು ಮರೆಯಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಮಾತ್ರವಲ್ಲ, ನೆರೆ ಬರಗಳಿಗೆ ಸಿಕ್ಕವರಿಗೂ ಉಚಿತ ವಕೀಲರನ್ನು ಕೊಡಬೇಕು ಎನ್ನುತ್ತದೆ. ಲಖಮಾಪುರದ ರೈತನಿಗೂ ಇದು ಅನ್ವಯ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಅದರ ಕಚೇರಿ ಇದೆ.

ಸದ್ಯಕ್ಕೆ ಆಗಬೇಕಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ಗ್ರಾಮಸಭೆ, ವಾರ್ಡ್ ಸಭೆಗಳು ನಡೆಯುವುದು ಪಂಚಾಯಿತಿ ಕಚೇರಿ ಇರುವ ದಡದಲ್ಲಿ. ಗಡ್ಡಿಯಿಂದ ನಾಲ್ಕು ಗಂಡಸರು ಹೋಗಿ ಬಂದರೆ ಊರಿನ ಮಾತು ಮುಗಿಯಿತು. ಹೆಂಗಸರ, ಮುದುಕರ ಮಾತು ಅಲ್ಲಿಗೆ ಹೋಗುವುದೇ ಇಲ್ಲ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ ಸೇರಲೇಬೇಕು. ಒಂದು ಸಭೆ ಗಡ್ಡಿಯ ಮೇಲೆಯೇ, ಹೊಳೆ ಇಳಿದಿರುವ ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ನಡೆಯಲಿ. ಪಿಡಿಒ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಅಣೆಕಟ್ಟಿನ ಎಂಜಿನಿಯರು ಹೊಳೆ ದಾಟಿ ಬರಲಿ. ಆ ವರ್ಷ ಜುಲೈನಿಂದ ಅಕ್ಟೋಬರ್‌ವರೆಗೆ ಯಾವ ಯಾವ ಮನೆಯಲ್ಲಿ ಹೆರಿಗೆ ಬರುತ್ತದೆ, ಯಾವ ಮಕ್ಕಳು ಆರನೆಯ ತರಗತಿಗೆ ಹೋಗಬೇಕು, ಯಾರಿಗೆ ಡಯಾಲಿಸಿಸ್ ಇದೆ, ಎಷ್ಟು ದನಗಳಿವೆ, ಗೇಟು ಎತ್ತುವ ಎಷ್ಟು ಗಂಟೆ ಮೊದಲು ಯಾರ ಫೋನಿಗೆ ಸುದ್ದಿ ಬರಬೇಕು ಎಂದು ಹೆಸರು ಹಿಡಿದು ಬರೆದುಕೊಂಡು, ಮಳೆ ಶುರುವಾಗುವ ಮೊದಲೇ ಪ್ರತಿ ಹೆಸರಿನ ಮುಂದೆ ಒಬ್ಬ ಅಧಿಕಾರಿಯ ಸಹಿ ಬೀಳಲಿ.